ಎಪ್ಪತ್ತು ದಾಟಿದ ಡಾಕ್ಟರಿಗೆ ತಪಾಸಣೆ: ಯೇಲ್ ನ್ಯೂ ಹೇವನ್ ಆಸ್ಪತ್ರೆಯ ಪ್ರಕರಣ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ನ್ಯೂ ಹೇವನ್ ಅಂತ ಒಂದು ಊರಿದೆ. ಅಲ್ಲಿನ ಯೇಲ್ ನ್ಯೂ ಹೇವನ್ ಆಸ್ಪತ್ರೆ 1826ರಷ್ಟು ಹಳೆಯದು. ಯೇಲ್ ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳು ಕೆಲಸ ಕಲಿಯುವುದು ಇಲ್ಲೇ. ಸುಮಾರು ಒಂದೂವರೆ ಸಾವಿರ ಹಾಸಿಗೆಗಳಿವೆ. 1942ರಲ್ಲಿ ಸಾವಿನ ಅಂಚಿನಲ್ಲಿದ್ದ ಒಬ್ಬ ಮಹಿಳೆಯನ್ನು ಪೆನಿಸಿಲಿನ್ ಕೊಟ್ಟು ಉಳಿಸಿದ್ದು ಈ ಆಸ್ಪತ್ರೆಯಲ್ಲೇ. ಅಮೆರಿಕದಲ್ಲಿ ಆ ಔಷಧಿಯಿಂದ ಬದುಕಿದ ಮೊದಲ ರೋಗಿ ಅಂತ ಆಕೆಯನ್ನು ಹೇಳುತ್ತಾರೆ. ಹೆಸರು, ಹಣ, ತಜ್ಞರು ಯಾವುದಕ್ಕೂ ಇಲ್ಲಿ ಕೊರತೆ ಇರಲಿಲ್ಲ.

ಈ ಆಸ್ಪತ್ರೆ 2016ರಲ್ಲಿ ಒಂದು ಹೊಸ ನಿಯಮ ತಂದಿತು. 70 ವರ್ಷ ಆದವರು ಇಲ್ಲಿ ವೈದ್ಯರಾಗಿ ಮುಂದುವರಿಯಬೇಕು ಅಂದರೆ ಎರಡು ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದು ಕಣ್ಣಿನದು. ಇನ್ನೊಂದು ಮಿದುಳಿನ ಚುರುಕುತನ ಅಳೆಯುವಂಥದ್ದು: ನೆನಪು, ಗಮನ, ಯೋಚನೆಯ ವೇಗ, ಲೆಕ್ಕಾಚಾರ, ನಿರ್ಧಾರ. ಯಾರ ಮೇಲೂ ದೂರು ಬಂದಿರಬೇಕಾಗಿಲ್ಲ, ಅನುಮಾನ ಇರಬೇಕಾಗಿಲ್ಲ. ವಯಸ್ಸು ಆಯಿತು ಅಂದರೆ ಪರೀಕ್ಷೆ, ಅಷ್ಟೇ.

ನಿಯಮ ಎಲ್ಲಿ ಕೂರುತ್ತದೆ ಅಂತ ತಿಳಿಯಲು ಅಲ್ಲಿನ ಪದ್ಧತಿ ಸ್ವಲ್ಪ ಗೊತ್ತಿರಬೇಕು. ಅಮೆರಿಕದಲ್ಲಿ ರಾಜ್ಯ ಸರ್ಕಾರದ ಲೈಸೆನ್ಸ್ ಒಂದೇ ಇದ್ದರೆ ಸಾಲದು. ಆಸ್ಪತ್ರೆಯೂ ಬೇರೆಯಾಗಿ ಅನುಮತಿ ಕೊಡಬೇಕು. ಈ ಡಾಕ್ಟರು ನಮ್ಮಲ್ಲಿ ಯಾವ ಯಾವ ಚಿಕಿತ್ಸೆ ಮಾಡಬಹುದು, ಯಾವ ಆಪರೇಷನ್ ಮಾಡಬಹುದು ಅಂತ ಬರೆದು ಕೊಡುತ್ತಾರೆ. ಆಗ ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕಾಗಿತ್ತು. ಯೇಲ್ ಆಸ್ಪತ್ರೆ ತನ್ನ ತಪಾಸಣೆಯನ್ನು ಈ ನವೀಕರಣದ ಜೊತೆಗೆ ಕಟ್ಟಿತು.

ಪರೀಕ್ಷೆ ನಡೆಯುವುದು ಹೀಗೆ

ಒಟ್ಟು 16 ಚಿಕ್ಕ ಚಿಕ್ಕ ಪರೀಕ್ಷೆಗಳು. ಎಲ್ಲ ಸೇರಿ 50ರಿಂದ 90 ನಿಮಿಷ. ಇಂಥ ಪರೀಕ್ಷೆಗಳನ್ನು ಹತ್ತಿರದಿಂದ ನೋಡದವರಿಗೆ ಅದರಲ್ಲಿ ಏನು ಮಹಾ ಇರುತ್ತದೆ ಅನ್ನಿಸಬಹುದು. ಸಾಮಾನ್ಯವಾಗಿ ಎಲ್ಲ ಕಡೆ ಬಳಸುವ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಹಾಳೆ ಕೊಡುತ್ತಾರೆ. ಅದರ ತುಂಬ ಅಂಕಿಗಳೂ ಅಕ್ಷರಗಳೂ ಚೆಲ್ಲಾಪಿಲ್ಲಿಯಾಗಿ ಇರುತ್ತವೆ. 1ರಿಂದ ಮೊದಲ ಅಕ್ಷರಕ್ಕೆ ಗೆರೆ ಎಳೆಯಬೇಕು, ಅಲ್ಲಿಂದ 2ಕ್ಕೆ, ಅಲ್ಲಿಂದ ಎರಡನೆಯ ಅಕ್ಷರಕ್ಕೆ, ಅಲ್ಲಿಂದ 3ಕ್ಕೆ. ಪೆನ್ಸಿಲ್ ಎತ್ತುವ ಹಾಗಿಲ್ಲ. ಪಕ್ಕದಲ್ಲಿ ಸ್ಟಾಪ್‌ವಾಚ್ ಓಡುತ್ತಿರುತ್ತದೆ. ಚುರುಕಾಗಿರುವವರು ಒಂದೆರಡು ನಿಮಿಷದೊಳಗೆ ಮುಗಿಸುತ್ತಾರೆ. ಮಿದುಳು ದಣಿಯುತ್ತಿರುವವರು 5, 6ರ ಹತ್ತಿರ ಬಂದಾಗ ಅಕ್ಷರವನ್ನು ಮರೆತು ಸೀದಾ ಮುಂದಿನ ಅಂಕಿಗೆ ಹೋಗಿಬಿಡುತ್ತಾರೆ. ತಪ್ಪಾಯಿತು ಅಂತ ಹೇಳಿದರೂ ಮತ್ತೆ ಅದನ್ನೇ ಮಾಡುತ್ತಾರೆ.

ಇದು ಮಕ್ಕಳ ಆಟ ಅಲ್ಲ. ಎರಡು ಸಾಲು ಯೋಚನೆಯನ್ನು ಒಟ್ಟಿಗೆ ಹಿಡಿದು, ಒಂದರಿಂದ ಇನ್ನೊಂದಕ್ಕೆ ಹೋಗಿ ಬರುವ ಶಕ್ತಿಯನ್ನು ಇದು ಅಳೆಯುತ್ತದೆ. ಅರಿವಳಿಕೆ ಕೊಡುವ ಡಾಕ್ಟರು ಮಾನಿಟರ್ ಮೇಲಿನ ಬಿ.ಪಿ. ನೋಡುತ್ತಾ, ಸರ್ಜನ್ ಹೇಳಿದ್ದನ್ನು ಕೇಳುತ್ತಾ, ಸಿರಿಂಜಿನಲ್ಲಿ ಎಷ್ಟು ಔಷಧಿ ಹೋಯಿತು ಅಂತ ನೆನಪಿಟ್ಟುಕೊಳ್ಳಬೇಕು. ಆ ಕೆಲಸಕ್ಕೆ ಬೇಕಾದ್ದು ಇದೇ ಶಕ್ತಿ.

ಹೀಗೆ 2016ರ ಅಕ್ಟೋಬರ್‌ನಿಂದ 2019ರ ಜನವರಿಯವರೆಗೆ 141 ಮಂದಿ ಪರೀಕ್ಷೆಗೆ ಕೂತರು. ಹೆಚ್ಚಿನವರು ವೈದ್ಯರು. ಜೊತೆಗೆ ರೋಗಿಗಳನ್ನು ನೇರವಾಗಿ ನೋಡುವ ಬೇರೆ ಕೆಲವರೂ ಇದ್ದರು. ಫಲಿತಾಂಶವನ್ನು ಆಸ್ಪತ್ರೆಯ ಲಿಯೊ ಕೂನಿ ಮತ್ತು ಥಾಮಸ್ ಬಾಲ್ಸೆಜಾಕ್ 2020ರ ಜನವರಿಯಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೂನಿ ವೃದ್ಧರ ಚಿಕಿತ್ಸೆಯಲ್ಲಿ ಪರಿಣತರು.

81 ಮಂದಿಗೆ ಯಾವ ತೊಂದರೆಯೂ ಇರಲಿಲ್ಲ. ಅವರು ಎಂದಿನಂತೆ ಎರಡು ವರ್ಷಕ್ಕೆ ಮುಂದುವರಿದರು. 34 ಮಂದಿಯಲ್ಲಿ ಸಣ್ಣಪುಟ್ಟ ಏರುಪೇರು ಕಂಡಿತು. ಕೆಲಸ ಮಾಡಿ, ಆದರೆ ಒಂದು ವರ್ಷಕ್ಕೇ ಮತ್ತೆ ಬನ್ನಿ ಅಂದರು. 18 ಮಂದಿಯಲ್ಲಿ, ಅಂದರೆ ನೂರಕ್ಕೆ 12.7ರಷ್ಟು ಜನರಲ್ಲಿ, ಇನ್ನು ಸ್ವತಂತ್ರವಾಗಿ ರೋಗಿಗಳನ್ನು ನೋಡುವುದು ಕಷ್ಟ ಅನ್ನುವಷ್ಟು ಕುಸಿತ ಇತ್ತು.

ಈ 18 ಮಂದಿಯ ಬಗ್ಗೆ ಬರೆದಿರುವ ಒಂದು ವಾಕ್ಯಕ್ಕಾಗಿಯೇ ನಾನು ಈ ಪ್ರಕರಣವನ್ನು ಆರಿಸಿಕೊಂಡೆ. ಕೆಲಸದಲ್ಲಿ ತೊಂದರೆ ಇದೆ ಅಂತ ಇವರಲ್ಲಿ ಒಬ್ಬರ ಬಗ್ಗೆಯೂ ಅದಕ್ಕೆ ಮೊದಲು ಆಸ್ಪತ್ರೆಯ ವೈದ್ಯಕೀಯ ಮುಖ್ಯಸ್ಥರ ಕಿವಿಗೆ ಬಿದ್ದಿರಲಿಲ್ಲ. ಸಹೋದ್ಯೋಗಿಗಳಿದ್ದರು, ನರ್ಸ್‌ಗಳಿದ್ದರು, ಕಿರಿಯ ಡಾಕ್ಟರುಗಳಿದ್ದರು. ರೋಗಿಗಳೂ ಇದ್ದರು. ಆದರೂ ಹದಿನೆಂಟರಲ್ಲಿ ಒಂದು ಹೆಸರೂ ಮೇಲೆ ಬಂದಿರಲಿಲ್ಲ.

ಯಾಕೆ ಯಾರೂ ಹೇಳಲಿಲ್ಲ

ಉತ್ತರಕ್ಕೆ ನ್ಯೂ ಹೇವನ್ನಿಗೆ ಹೋಗಬೇಕಾಗಿಲ್ಲ. ನಮ್ಮ ಯಾವುದೇ ನರ್ಸಿಂಗ್ ಹೋಮ್ ಅಥವಾ ತಾಲ್ಲೂಕು ಕೇಂದ್ರದ ಕ್ಲಿನಿಕ್ಕಿನಲ್ಲಿ ಎಪ್ಪತ್ತೈದರ ಡಾಕ್ಟರೊಬ್ಬರನ್ನು ಕಲ್ಪಿಸಿಕೊಳ್ಳಿ. ನಲವತ್ತು ವರ್ಷದಿಂದ ಅವರದ್ದೇ ಕೈಗುಣ ಅಂತ ಊರು ನಂಬಿದೆ. ಒಂದು ದಿನ ಅವರು ಬೆಳಿಗ್ಗೆ ಬರೆದ ಇಂಜೆಕ್ಷನ್ನನ್ನೇ ಮಧ್ಯಾಹ್ನ ಮತ್ತೆ ಬರೆಯುತ್ತಾರೆ. ಇಪ್ಪತ್ತು ವರ್ಷದಿಂದ ಜೊತೆಗಿರುವ ಸಿಸ್ಟರ್ ಮೆಲ್ಲಗೆ ಹೇಳುತ್ತಾರೆ: "ಸಾರ್, ಅದು ಬೆಳಿಗ್ಗೆನೇ ಕೊಟ್ಟಾಯ್ತು." ಡಾಕ್ಟರು "ಹೌದಲ್ವಾ" ಅಂತ ಹೊಡೆದುಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಮಾರನೆಯ ದಿನದಿಂದ ಸಿಸ್ಟರ್ ಚೀಟಿಯನ್ನು ಎರಡು ಸಲ ನೋಡುತ್ತಾರೆ. ಎದುರಿನ ಮೆಡಿಕಲ್ ಸ್ಟೋರಿನ ಹುಡುಗನೂ ಡೋಸ್ ಜಾಸ್ತಿ ಕಂಡರೆ ಫೋನ್ ಮಾಡಿ ಕೇಳಿಕೊಳ್ಳುತ್ತಾನೆ. ಸುತ್ತಲಿನವರೆಲ್ಲ ಸೇರಿ ಡಾಕ್ಟರ ಮರೆವನ್ನು ತುಂಬಿಕೊಡುತ್ತಾ ಹೋಗುತ್ತಾರೆ. ಅದು ಪ್ರೀತಿ, ಗೌರವ. ಸಿಸ್ಟರ್ ರಜೆ ಹಾಕಿದ ದಿನ ರೋಗಿಯನ್ನು ಕಾಯುವವರು ಯಾರೂ ಇರುವುದಿಲ್ಲ.

ದೊಡ್ಡ ಆಸ್ಪತ್ರೆಗಳಲ್ಲಿ ಇದೇ ಕೆಲಸವನ್ನು ಕಿರಿಯ ಡಾಕ್ಟರುಗಳು ಮಾಡುತ್ತಾರೆ. ಹಿರಿಯರು ಆಪರೇಷನ್ ಮಾಡುವಾಗ ಕಷ್ಟದ ಹಂತ ಬಂದರೆ ಸಹಾಯಕ ತಾನಾಗಿ ಕೈ ಹಾಕುತ್ತಾನೆ. ತನಗೆ ಕತ್ತಿ ಹಿಡಿಯಲು ಕಲಿಸಿದ ಗುರುಗಳ ಮೇಲೆ ದೂರು ಬರೆಯುವುದು ಯಾರಿಗಾದರೂ ಸುಲಭವಾ? ಮೇಲಾಗಿ ಆ ಕಿರಿಯನ ಬಡ್ತಿ, ಶಿಫಾರಸು ಎಲ್ಲ ಅವರ ಕೈಯಲ್ಲೇ ಇರುತ್ತದೆ.

ಇನ್ನು ಆ ಡಾಕ್ಟರಿಗೇ ಗೊತ್ತಾಗುವುದಿಲ್ಲವಾ ಅಂತ ಕೇಳಬಹುದು. ಇಲ್ಲೇ ಕಷ್ಟ ಇರುವುದು. ಕಾಲು ನೋವು ಬಂದರೆ ಗೊತ್ತಾಗುತ್ತದೆ, ಕಣ್ಣು ಮಂಜಾದರೂ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ. ಆದರೆ ತನ್ನ ತಪ್ಪನ್ನು ತಾನೇ ಗಮನಿಸುವ ಕೆಲಸ ಮಾಡುವುದೂ ಮಿದುಳೇ. ಮುಂಭಾಗದ ಮಿದುಳು ಕ್ಷೀಣಿಸಿದಾಗ ಮೊದಲು ಹೋಗುವ ಶಕ್ತಿಗಳಲ್ಲಿ ಅದೂ ಒಂದು. ಜೊತೆಗೆ ತುಂಬಾ ಓದಿದವರಲ್ಲಿ ಈ ಕುಸಿತ ತಡವಾಗಿ ಹೊರಗೆ ಕಾಣುತ್ತದೆ. ಮಾತು ಚೆನ್ನಾಗಿರುತ್ತದೆ, ಹಳೆಯ ಕೇಸುಗಳು ನೆನಪಿರುತ್ತವೆ, ರೋಗಿಯ ಹೆಗಲ ಮೇಲೆ ಕೈ ಇಟ್ಟು ಮಾತಾಡಿಸುವ ರೀತಿ ಹಾಗೇ ಇರುತ್ತದೆ. ಹೊಸ ಔಷಧಿಯ ಹೆಸರು, ಹತ್ತು ನಿಮಿಷದ ಹಿಂದೆ ನೋಡಿದ ರಿಪೋರ್ಟಿನ ಅಂಕಿ, ಅನಿರೀಕ್ಷಿತವಾಗಿ ಏನಾದರೂ ಆದಾಗ ದಾರಿ ಬದಲಿಸುವುದು, ಕೈಕೊಡುವುದು ಇವು. ಎದುರು ಕೂತ ರೋಗಿಗೆ ಇದರಲ್ಲಿ ಯಾವುದೂ ಕಾಣುವುದಿಲ್ಲ.

ಸೌವರ್‌ಬ್ರುಖ್

ಸುತ್ತಲಿನವರ ಮೌನಕ್ಕೆ ಎಂಥ ಬೆಲೆ ತೆರಬೇಕಾಗುತ್ತದೆ ಅನ್ನುವುದಕ್ಕೆ ವೈದ್ಯಕೀಯ ಚರಿತ್ರೆಯಲ್ಲಿ ಒಂದು ದೊಡ್ಡ ಹೆಸರಿದೆ. ಫರ್ಡಿನಂಡ್ ಸೌವರ್‌ಬ್ರುಖ್, ಜರ್ಮನಿಯ ಸರ್ಜನ್, ಹುಟ್ಟಿದ್ದು 1875ರಲ್ಲಿ. ಎದೆಗೂಡನ್ನು ತೆರೆದರೆ ಶ್ವಾಸಕೋಶ ಕುಸಿದು ರೋಗಿ ಸಾಯುತ್ತಿದ್ದ ಕಾಲ ಅದು. 1904ರಲ್ಲಿ ಅವರು ಗಾಳಿಯ ಒತ್ತಡ ಕಡಿಮೆ ಇರುವ ಕೋಣೆಯೊಂದನ್ನು ತಯಾರಿಸಿ, ಎದೆ ತೆರೆದು ಆಪರೇಷನ್ ಮಾಡುವ ದಾರಿ ತೋರಿಸಿದರು. 1928ರಿಂದ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಅವರದ್ದೇ ಮಾತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರಿಗೆ ಮರೆವು ಶುರುವಾಯಿತು. ಆಪರೇಷನ್ ನಡುವೆ ಗೊಂದಲ, ವಿನಾಕಾರಣ ಸಿಟ್ಟು. ಅವರ ಕೈಯಲ್ಲಿ ರೋಗಿಗಳು ಸತ್ತರು. ಜೊತೆಯಲ್ಲಿದ್ದವರಿಗೆ ತಿಳಿಯಿತು, ಆಡಳಿತಕ್ಕೂ ತಿಳಿಯಿತು. ಆದರೆ ಪೂರ್ವ ಬರ್ಲಿನ್ನಿಗೆ ಆ ಹೆಸರು ಬೇಕಾಗಿತ್ತು. ಅಂಥವರನ್ನು ನಿಲ್ಲಿಸಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ 1949ರ ಡಿಸೆಂಬರ್‌ನಲ್ಲಿ ಒತ್ತಾಯದಿಂದ ನಿವೃತ್ತಿ ಮಾಡಿಸಿದರು. ಅದಾದ ಮೇಲೂ ಅವರು ಮನೆಯಲ್ಲಿ ರೋಗಿಗಳಿಗೆ ಆಪರೇಷನ್ ಮಾಡಿದರು. 1951ರಲ್ಲಿ ತೀರಿಕೊಂಡರು.

ಸೌವರ್‌ಬ್ರುಖ್ ಕೆಟ್ಟ ಡಾಕ್ಟರಾಗಿದ್ದರು ಅಂತ ಯಾರೂ ಹೇಳುವುದಿಲ್ಲ. ತಮಗೆ ಏನಾಗುತ್ತಿದೆ ಅಂತ ಅವರಿಗೆ ತಿಳಿಯುತ್ತಿರಲಿಲ್ಲ. ಆ ಕಾಲದಲ್ಲಿ ಒಂದು ಸಾಮಾನ್ಯ ನಿಯಮ ಇದ್ದಿದ್ದರೆ, ವಯಸ್ಸಾದ ಎಲ್ಲರ ಹಾಗೆ ಅವರೂ ಒಂದು ದಿನ ಪರೀಕ್ಷೆಗೆ ಕೂರಬೇಕಾಗಿದ್ದಿದ್ದರೆ, ಯಾರೂ ಅವರಿಗೆ ಎದುರು ನಿಲ್ಲಬೇಕಾಗಿರಲಿಲ್ಲ. ಯೇಲ್ ಮಾದರಿಯ ದೊಡ್ಡ ಗುಣ ನನ್ನ ಲೆಕ್ಕದಲ್ಲಿ ಇದೇ. ಬೊಟ್ಟು ಮಾಡಿ ತೋರಿಸುವ ಕೆಲಸವನ್ನು ಅದು ಕಿರಿಯರ ಹೆಗಲಿನಿಂದ ಇಳಿಸುತ್ತದೆ.

ಹದಿನೆಂಟು ಮಂದಿಗೆ ಮುಂದೆ ಏನಾಯಿತು

ಅವರನ್ನು ಯಾರೂ ಮೆರವಣಿಗೆ ಮಾಡಿ ಹೊರಗೆ ಹಾಕಲಿಲ್ಲ. ಅಂಕ ನೋಡಿದ ಕೂಡಲೇ ಬಾಗಿಲು ಮುಚ್ಚಲೂ ಇಲ್ಲ. ಮೊದಲ ಸುತ್ತಿನಲ್ಲಿ ತೊಂದರೆ ಕಂಡವರನ್ನು ಇನ್ನಷ್ಟು ಆಳವಾಗಿ ನೋಡಿದರು. ಒಂದು ಸಮಿತಿ ಕೂತು ಒಬ್ಬೊಬ್ಬರ ಫಲಿತಾಂಶವನ್ನೂ ಅವರು ಮಾಡುವ ಕೆಲಸದ ಜೊತೆ ಇಟ್ಟು ತೂಗಿತು. ಕೊನೆಗೆ ಹದಿನೆಂಟು ಮಂದಿಯೂ ತಾವಾಗಿ ಒಪ್ಪಿಕೊಂಡರು. ಕೆಲವರು ನಿವೃತ್ತರಾದರು, ಉಳಿದವರು ಇನ್ನೊಬ್ಬರ ಉಸ್ತುವಾರಿಯಲ್ಲಿ ಮಾಡುವ ಕೆಲಸಕ್ಕೆ ಹೋದರು.

ಈ ಎರಡನೆಯ ದಾರಿಯನ್ನು ನಾವು ಸರಿಯಾಗಿ ಗಮನಿಸಬೇಕು. ಆಪರೇಷನ್ ಮಾಡಲಾಗದ ಸರ್ಜನ್ ಕಿರಿಯರಿಗೆ ಪಾಠ ಮಾಡಬಹುದು. ಕಷ್ಟದ ಕೇಸಿನಲ್ಲಿ ಜೊತೆಗೆ ಕೂತು ಅಭಿಪ್ರಾಯ ಹೇಳಬಹುದು. ಐವತ್ತು ವರ್ಷದ ಅನುಭವ ಒಂದು ಪರೀಕ್ಷೆಯಲ್ಲಿ ಕರಗಿ ಹೋಗುವುದಿಲ್ಲ.

ಮೊಕದ್ದಮೆ

ವರದಿ ಪ್ರಕಟವಾಗಿ ತಿಂಗಳೊಳಗೆ, 2020ರ ಫೆಬ್ರವರಿಯಲ್ಲಿ, ಆಸ್ಪತ್ರೆಯ ಮೇಲೆ ಕೇಸು ಬಿತ್ತು. ಹಾಕಿದ್ದು ಅಮೆರಿಕ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗ, ಕನೆಕ್ಟಿಕಟ್‌ನ ಫೆಡರಲ್ ಕೋರ್ಟಿನಲ್ಲಿ. ಆಧಾರ ಎರಡು ಕಾನೂನುಗಳು. ಒಂದು 1967ರದ್ದು: 40 ದಾಟಿದ ನೌಕರರನ್ನು ವಯಸ್ಸಿನ ಕಾರಣಕ್ಕೆ ಬೇರೆಯಾಗಿ ನೋಡಬಾರದು. ಇನ್ನೊಂದು 1990ರದ್ದು: ಕೆಲಸಕ್ಕೆ ನಿಜವಾಗಿ ಅಗತ್ಯ ಇದೆ ಅಂತ ತೋರಿಸದೆ ನೌಕರರ ಮೇಲೆ ವೈದ್ಯಕೀಯ ಪರೀಕ್ಷೆ ಹೇರಬಾರದು.

ಆಯೋಗದ ವಾದ ಸರಳವಾಗಿತ್ತು. 69 ವರ್ಷದವರಿಗೆ ಇಲ್ಲದ ಪರೀಕ್ಷೆ 70ರವರಿಗೆ ಯಾಕೆ? ಇವರ ಕೆಲಸದಲ್ಲಿ ತೊಂದರೆ ಇದೆ ಅಂತ ಯಾರೂ ಹೇಳಿಲ್ಲ. ಜನ್ಮದಿನಾಂಕ ಒಂದನ್ನೇ ನೋಡಿ ಕರೆಸಿದ್ದೀರಿ. ಆಯೋಗ ತನ್ನ ಲೆಕ್ಕವನ್ನೂ ಕೊಟ್ಟಿತು: ಪರೀಕ್ಷೆಗೆ ಕೂತ 145 ಮಂದಿಯಲ್ಲಿ 14 ಮಂದಿಯನ್ನು ಅಂಚಿನಲ್ಲಿದ್ದಾರೆ ಅಂತ, ಒಬ್ಬರನ್ನು ಕೊರತೆ ಇದೆ ಅಂತ, 7 ಮಂದಿಯನ್ನು ಫೇಲ್ ಅಂತ ಗುರುತಿಸಿದ್ದಾರೆ. ಇನ್ನೂ ಐದು ಮಂದಿ ಪರೀಕ್ಷೆಯೇ ಬೇಡ ಅಂದು ಹೊರನಡೆದರು ಅಥವಾ ತಮ್ಮ ಸ್ಥಾನ ಬದಲಿಸಿಕೊಂಡರು. ಆಸ್ಪತ್ರೆಯ ಮಾತು ಬೇರೆ: ಈ ನಿಯಮ ಇರುವುದು ರೋಗಿಗಳ ರಕ್ಷಣೆಗೆ.

ಹಿರಿಯ ಡಾಕ್ಟರುಗಳ ಬೇಸರ ನನಗೆ ಅರ್ಥವಾಗುತ್ತದೆ. ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಮಂದಿ ಕೆಲಸ ಮುಂದುವರಿಸಲು ಯೋಗ್ಯರೇ ಆಗಿದ್ದರು. ಅವರೂ ಒಂದೂವರೆ ಗಂಟೆ ಕೂತು, ತಮ್ಮ ಬುದ್ಧಿ ಸರಿಯಿದೆ ಅಂತ ತೋರಿಸಬೇಕಾಯಿತು. ಸ್ಟ್ಯಾನ್‌ಫರ್ಡ್ ಆಸ್ಪತ್ರೆ ಇದಕ್ಕೂ ಮೊದಲು, 2012ರಲ್ಲಿ, 75 ದಾಟಿದವರಿಗೆ ಇಂಥದ್ದೇ ನಿಯಮ ಮಾಡಿತ್ತು. ಪ್ರಾಧ್ಯಾಪಕರು ತೀವ್ರವಾಗಿ ವಿರೋಧಿಸಿದ ಮೇಲೆ ಮಿದುಳಿನ ಪರೀಕ್ಷೆಯ ಭಾಗವನ್ನು ಕೈಬಿಡಬೇಕಾಯಿತು.

ವಿರೋಧಿಸುವವರ ಹತ್ತಿರ ಗಟ್ಟಿಯಾದ ಅಂಕಿಅಂಶವೂ ಇದೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಯೂಸುಕೆ ತ್ಸುಗಾವಾ ಮತ್ತು ಜೊತೆಗಾರರು ಅಮೆರಿಕದ ಆಸ್ಪತ್ರೆಗಳ ಬಗ್ಗೆ ಎರಡು ಅಧ್ಯಯನ ಪ್ರಕಟಿಸಿದ್ದಾರೆ. 2017ರದ್ದು ವಾರ್ಡುಗಳಲ್ಲಿ ರೋಗಿಗಳನ್ನು ನೋಡುವ ಫಿಜಿಷಿಯನ್‌ಗಳ ಬಗ್ಗೆ. ದಾಖಲಾದ ಹಿರಿಯ ರೋಗಿಗಳಲ್ಲಿ 30 ದಿನದೊಳಗೆ ಸತ್ತವರ ಪ್ರಮಾಣ, ಡಾಕ್ಟರು 40ರ ಒಳಗಿದ್ದರೆ ನೂರಕ್ಕೆ 10.8, ಡಾಕ್ಟರು 60 ದಾಟಿದ್ದರೆ 12.1. ಆದರೆ ತುಂಬಾ ರೋಗಿಗಳನ್ನು ನೋಡುವ ಡಾಕ್ಟರುಗಳಲ್ಲಿ ವಯಸ್ಸಿನಿಂದ ವ್ಯತ್ಯಾಸವೇ ಕಾಣಲಿಲ್ಲ. 2018ರದ್ದು ಸರ್ಜನ್‌ಗಳ ಬಗ್ಗೆ. ಅಲ್ಲಿ ಉಲ್ಟಾ: 60 ದಾಟಿದ ಸರ್ಜನ್‌ಗಳ ರೋಗಿಗಳಲ್ಲಿ ಸಾವು ಸ್ವಲ್ಪ ಕಡಿಮೆಯೇ ಇತ್ತು.

ಇದನ್ನು ಓದಿ ತಪಾಸಣೆ ಬೇಡ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸರಾಸರಿ ಲೆಕ್ಕ ಒಳ್ಳೆಯದಿದ್ದ ಮಾತ್ರಕ್ಕೆ ಒಬ್ಬೊಬ್ಬರೂ ಚೆನ್ನಾಗಿದ್ದಾರೆ ಅಂತ ಆಗುವುದಿಲ್ಲ. ವಯಸ್ಸು ಎಲ್ಲರ ಮೇಲೂ ಒಂದೇ ಥರ ಬರುವುದಿಲ್ಲ. ಎಂಬತ್ತೆರಡರಲ್ಲೂ ಕೆಲವರ ಕೈ ನಡುಗುವುದಿಲ್ಲ, ಅರವತ್ತೆಂಟಕ್ಕೇ ಕೆಲವರು ದಾರಿ ತಪ್ಪುತ್ತಾರೆ. ಹಾಗಾಗಿ ಇಷ್ಟು ವಯಸ್ಸಿಗೆ ಎಲ್ಲರೂ ನಿಲ್ಲಿಸಿ ಅನ್ನುವ ಕಡ್ಡಾಯ ನಿವೃತ್ತಿ ಅನ್ಯಾಯ. ಅದಕ್ಕಿಂತ ಒಬ್ಬೊಬ್ಬರನ್ನೂ ನೋಡಿ ನಿರ್ಧರಿಸುವುದು ವಾಸಿ. ನೋಡಲು ಪರೀಕ್ಷೆ ಬೇಕು. ಸರಾಸರಿಯನ್ನು ಮುಂದಿಟ್ಟು ತಪಾಸಣೆಯನ್ನು ತಳ್ಳಿಹಾಕಿದರೆ ಆ ಹದಿನೆಂಟು ಮಂದಿಯ ರೋಗಿಗಳಿಗೆ ಏನು ಹೇಳುವುದು?

ಬೇರೆ ಕೆಲವು ಕೆಲಸಗಳಲ್ಲಿ ಈ ಪ್ರಶ್ನೆ ಯಾವತ್ತೋ ಇತ್ಯರ್ಥ ಆಗಿದೆ. ಅಮೆರಿಕದಲ್ಲಿ ವಿಮಾನ ಕಂಪನಿಗಳ ಪೈಲಟ್ 65ಕ್ಕೆ ಇಳಿಯಲೇಬೇಕು. 2007ರವರೆಗೆ ಅದು 60 ಆಗಿತ್ತು. ವಿಮಾನ ಸಂಚಾರ ನಿಯಂತ್ರಕರು 56ಕ್ಕೇ ಆ ಕೆಲಸ ಬಿಡುತ್ತಾರೆ. ಅವರಿಗೆಲ್ಲ ಅವಧಿಗೆ ಸರಿಯಾಗಿ ವೈದ್ಯಕೀಯ ತಪಾಸಣೆ ಇದೆ, ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಮೊದಲ ದಿನದಿಂದಲೇ ಇರುವ ಕಾರಣ ಅದು ಕೆಲಸದ ಒಂದು ಭಾಗವಾಗಿಬಿಟ್ಟಿದೆ.

ಯೇಲ್ ಎಡವಿದ್ದು ಇಲ್ಲೇ ಅಂತ ನನ್ನ ಅನಿಸಿಕೆ. 69ರವರೆಗೆ ಏನೂ ಇಲ್ಲ, 70ಕ್ಕೆ ಏಕಾಏಕಿ ಒಂದೂವರೆ ಗಂಟೆಯ ಪರೀಕ್ಷೆ. ಹಾಗೆ ಮಾಡಿದರೆ ವಯಸ್ಸೇ ಅಪರಾಧ ಅನ್ನುವಂತೆ ಕಾಣುತ್ತದೆ. ಎಲ್ಲ ಡಾಕ್ಟರುಗಳಿಗೂ ಐವತ್ತರಿಂದಲೇ ಒಂದು ಸಾಧಾರಣ ತಪಾಸಣೆ ಇಟ್ಟು, ವಯಸ್ಸು ಏರಿದ ಹಾಗೆ ಅದನ್ನು ಹತ್ತಿರ ಹತ್ತಿರ ಮಾಡುತ್ತಾ ಹೋಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇನ್ನೊಂದು ಲಾಭವೂ ಇತ್ತು. ಐವತ್ತರಲ್ಲಿ ಒಬ್ಬರ ಮಟ್ಟ ಎಷ್ಟಿತ್ತು ಅಂತ ಗೊತ್ತಿದ್ದರೆ, ಎಪ್ಪತ್ತರಲ್ಲಿ ಎಷ್ಟು ಇಳಿದಿದೆ ಅಂತ ಅವರ ಅಂಕದ ಜೊತೆಗೇ ಹೋಲಿಸಬಹುದು. ಊರಿನ ಸರಾಸರಿಯ ಜೊತೆ ಹೋಲಿಸುವುದಕ್ಕಿಂತ ಅದು ಎಷ್ಟೋ ನ್ಯಾಯ.

ಆಸ್ಟ್ರೇಲಿಯಾ ಸ್ವಲ್ಪ ಮೆತ್ತಗಿನ ದಾರಿ ಯೋಚಿಸಿದೆ. ಅಲ್ಲಿನ ಮೆಡಿಕಲ್ ಬೋರ್ಡ್ 2024ರಲ್ಲಿ ಒಂದು ಪ್ರಸ್ತಾಪವನ್ನು ಜನರ ಮುಂದೆ ಇಟ್ಟಿತು. 70ರಿಂದ ಮೂರು ವರ್ಷಕ್ಕೊಮ್ಮೆ, 80 ಆದ ಮೇಲೆ ವರ್ಷಕ್ಕೊಮ್ಮೆ, ಸಾಮಾನ್ಯ ಆರೋಗ್ಯ ತಪಾಸಣೆ. ಕಣ್ಣು, ಕಿವಿ, ಸಾಮಾನ್ಯ ಆರೋಗ್ಯದ ಜೊತೆಗೆ ಮಿದುಳಿನ ಒಂದು ಸಣ್ಣ ಪರೀಕ್ಷೆ. ಅದಕ್ಕೆ ಕಾರಣವಾಗಿ ಬೋರ್ಡ್ ಕೊಟ್ಟ ಲೆಕ್ಕದ ಪ್ರಕಾರ, 70 ದಾಟಿದ ಡಾಕ್ಟರುಗಳ ಮೇಲೆ ದೂರು ಬರುವ ಸಾಧ್ಯತೆ ಕಿರಿಯರಿಗಿಂತ ನೂರಕ್ಕೆ 81ರಷ್ಟು ಜಾಸ್ತಿ. ಇದರಲ್ಲಿ ನನಗೆ ಹಿಡಿಸಿದ್ದು ತಪಾಸಣೆಯನ್ನು ಡಾಕ್ಟರ ಸ್ವಂತ ಆರೋಗ್ಯದ ಕಾಳಜಿಯಾಗಿಯೂ ನೋಡಿರುವುದು. ತಮಗೆ ಅಂತ ಒಬ್ಬ ಡಾಕ್ಟರ್ ಇಲ್ಲದ ಡಾಕ್ಟರುಗಳು ಬೇಕಾದಷ್ಟು ಇದ್ದಾರೆ. ಮಾತ್ರೆಯನ್ನು ತಾವೇ ಬರೆದುಕೊಳ್ಳುತ್ತಾರೆ, ಬಿ.ಪಿ.ಯನ್ನು ಸಿಸ್ಟರ್ ಹತ್ತಿರ ನೋಡಿಸಿಕೊಳ್ಳುತ್ತಾರೆ, ಅಷ್ಟೇ.

ನಮ್ಮ ಕಡೆ

ಕರ್ನಾಟಕದಲ್ಲಿ ಸರ್ಕಾರಿ ಡಾಕ್ಟರು 60ಕ್ಕೆ ನಿವೃತ್ತರಾಗುತ್ತಾರೆ. ಕೇಂದ್ರ ಸರ್ಕಾರದ ಆರೋಗ್ಯ ಸೇವೆಯಲ್ಲಿ ಅದು 65. ವೈದ್ಯಕೀಯ ಕಾಲೇಜುಗಳಲ್ಲಿ 70ರವರೆಗೂ ಪಾಠ ಮಾಡಬಹುದು. ಸ್ವಂತ ಕ್ಲಿನಿಕ್ ಅಥವಾ ನರ್ಸಿಂಗ್ ಹೋಮ್ ಇದ್ದರೆ ಮಿತಿ ಇಲ್ಲ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ 30 ಗಂಟೆಯ ಮುಂದುವರಿದ ಶಿಕ್ಷಣದ ಕ್ರೆಡಿಟ್ ತೋರಿಸಬೇಕು. ಉಪನ್ಯಾಸ ಕೇಳಿದ್ದಕ್ಕೆ ಸರ್ಟಿಫಿಕೇಟ್ ಕೇಳುತ್ತಾರೆ. ಕೇಳುವ ಕಿವಿ ಹೇಗಿದೆ, ಕಣ್ಣು ಹೇಗಿದೆ, ನೆನಪು ಹೇಗಿದೆ ಅಂತ ಕೇಳುವುದಿಲ್ಲ.

ಇದರ ಪಕ್ಕದಲ್ಲಿ ಆರ್‌.ಟಿ.ಓ. ಕಚೇರಿಯನ್ನು ಇಟ್ಟು ನೋಡಿ. 40 ದಾಟಿದವರು ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಫಾರ್ಮ್ 1ಎ ಕೊಡಬೇಕು. ಕಣ್ಣು ಕಾಣುತ್ತದಾ, ಬಣ್ಣ ಗುರುತು ಸಿಗುತ್ತದಾ, ಕಿವಿ ಕೇಳುತ್ತದಾ, ಕೈಕಾಲು ಸರಿ ಇದೆಯಾ ಅಂತ ನೋಡಿ ಅದಕ್ಕೆ ಸಹಿ ಹಾಕಬೇಕಾದ್ದು ಒಬ್ಬ ನೋಂದಾಯಿತ ಡಾಕ್ಟರು. ಸಹಿ ಹಾಕುವ ಡಾಕ್ಟರಿಗೆ ಎಂಬತ್ತೈದು ಆಗಿದ್ದರೂ ಅವರ ಕಣ್ಣನ್ನು ಯಾರೂ ನೋಡಿರಬೇಕಾಗಿಲ್ಲ. ಇದು ಯಾರ ದುರುದ್ದೇಶವೂ ಅಲ್ಲ. ಡಾಕ್ಟರ ಆರೋಗ್ಯ ರೋಗಿಯ ಸುರಕ್ಷತೆಯ ಭಾಗ ಅಂತ ನಮ್ಮ ನಿಯಮಗಳು ಇನ್ನೂ ಯೋಚಿಸಿಲ್ಲ, ಅಷ್ಟೇ.

2002ರ ವೈದ್ಯಕೀಯ ನೀತಿ ನಿಯಮಗಳಲ್ಲಿ, ಅಸಮರ್ಥ ಅಥವಾ ಅಪ್ರಾಮಾಣಿಕ ಸಹೋದ್ಯೋಗಿಯನ್ನು ಡಾಕ್ಟರು ಯಾವ ಹಿಂಜರಿಕೆಯೂ ಇಲ್ಲದೆ ಬಯಲಿಗೆ ತರಬೇಕು ಅನ್ನುವ ಮಾತಿದೆ. ಓದಲು ಚೆನ್ನಾಗಿದೆ. ಆದರೆ ಯೇಲ್‌ನ ಹದಿನೆಂಟು ಮಂದಿಯ ಪ್ರಕರಣ ತೋರಿಸಿದ್ದು ಆ ದಾರಿ ಕೆಲಸ ಮಾಡುವುದಿಲ್ಲ ಅಂತಲೇ. ಮರೆವಿನ ಕಾಯಿಲೆ ಬಂದವರನ್ನು ಅಪ್ರಾಮಾಣಿಕರ ಸಾಲಿನಲ್ಲಿ ನಿಲ್ಲಿಸಿ ಬೊಟ್ಟು ಮಾಡಲು ಯಾರ ಮನಸ್ಸು ಒಪ್ಪುತ್ತದೆ?

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಹೇಳಿದೆ. ಅಂದರೆ ಸುಮಾರು 88 ಲಕ್ಷ ಜನ. ಓದಿದವರಲ್ಲಿ ಪ್ರಮಾಣ ಕಡಿಮೆ. ಡಾಕ್ಟರುಗಳಲ್ಲಿ ಇನ್ನೂ ಕಡಿಮೆ ಇರಬಹುದು. ಆದರೆ ಬಿಳಿ ಕೋಟು ಹಾಕಿದವರಿಗೆ ಕಾಯಿಲೆ ಬರುವುದೇ ಇಲ್ಲ ಅಂತ ಇಲ್ಲವಲ್ಲ.

ಒಂದು ನಿಜವಾದ ಅಡ್ಡಿಯನ್ನು ಒಪ್ಪಿಕೊಳ್ಳಲೇಬೇಕು. ನ್ಯೂ ಹೇವನ್ನಿನಲ್ಲಿ ಒಬ್ಬರು ನಿಲ್ಲಿಸಿದರೆ ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ. ನಮ್ಮ ಎಷ್ಟೋ ಹೋಬಳಿಗಳಲ್ಲಿ ರಾತ್ರಿ ಬಾಗಿಲು ತಟ್ಟಿದರೆ ಎದ್ದು ಬರುವುದು ಆ ಎಪ್ಪತ್ತೆಂಟರ ಡಾಕ್ಟರು ಒಬ್ಬರೇ. ಅವರ ಬೋರ್ಡು ಇಳಿಸಿದರೆ ಆ ಜಾಗಕ್ಕೆ ಓದದವರೇ ಬಂದು ಕೂರುವ ಭಯ ಇದೆ. ಅದಕ್ಕೇ ಪಾಸ್ ಅಥವಾ ಫೇಲ್ ಅನ್ನುವ ಎರಡೇ ಬಾಗಿಲು ಇಲ್ಲಿ ಸಾಲದು. ಆಪರೇಷನ್ ಬೇಡ, ಹೆರಿಗೆ ಬೇಡ, ಆದರೆ ಬಿ.ಪಿ., ಶುಗರ್ ನೋಡಿ, ಜ್ವರ ನೋಡಿ, ಕಷ್ಟದ್ದನ್ನು ಜಿಲ್ಲಾಸ್ಪತ್ರೆಗೆ ಕಳಿಸಿ ಅನ್ನುವಂಥ ನಡುವಿನ ದಾರಿ ಇರಬೇಕು. ಒಬ್ಬ ಕಿರಿಯ ಡಾಕ್ಟರನ್ನು ಜೊತೆಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸಲಕರಣೆಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಿದುಳಿನ ಶಕ್ತಿ ಅಳೆಯುವ ಪರೀಕ್ಷೆಗಳ ಒಂದು ಗುಚ್ಛವನ್ನು ಐದು ಭಾರತೀಯ ಭಾಷೆಗಳಲ್ಲಿ ಸಿದ್ಧ ಮಾಡಿದೆ. ಅದರಲ್ಲಿ ಕನ್ನಡವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಬಲ್ಲ ತಜ್ಞರಿದ್ದಾರೆ. ಐದು ವರ್ಷದ ನವೀಕರಣ ಅನ್ನುವ ಕಟ್ಟೆ ಆಗಲೇ ಇದೆ. 30 ಗಂಟೆಯ ಕ್ರೆಡಿಟ್ ಪಕ್ಕದಲ್ಲಿ ಒಂದು ತಪಾಸಣೆಯ ಪತ್ರವನ್ನೂ ಕೇಳಬಹುದು. ಐವತ್ತರಿಂದ ಐದು ವರ್ಷಕ್ಕೊಮ್ಮೆ, 70ರಿಂದ ಎರಡು ವರ್ಷಕ್ಕೊಮ್ಮೆ. ಪತ್ರದಲ್ಲಿ ಅಂಕ ಇರಬೇಕಾಗಿಲ್ಲ, ತಪಾಸಣೆ ಆಗಿದೆ ಅಂತ ಇದ್ದರೆ ಸಾಕು. ವಿವರ ಡಾಕ್ಟರ ಹತ್ತಿರ ಮತ್ತು ಪರೀಕ್ಷಿಸಿದವರ ಹತ್ತಿರ ಮಾತ್ರ ಉಳಿಯಲಿ. ಗಂಭೀರ ತೊಂದರೆ ಕಂಡಾಗ ಮಾತ್ರ ಅದು ಕೌನ್ಸಿಲ್‌ನ ಒಂದು ಚಿಕ್ಕ ಸಮಿತಿಗೆ ಹೋಗಲಿ. ಆ ಸಮಿತಿಯಲ್ಲಿ ಅದೇ ವಿಭಾಗದ ಒಬ್ಬ ಹಿರಿಯರು ಇರಲೇಬೇಕು.

ಪರೀಕ್ಷಿಸುವವರು ಅದೇ ಊರಿನವರಾಗಬಾರದು. ಗೆಳೆಯರಾದರೆ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ, ಪೈಪೋಟಿಯವರಾದರೆ ಹಗೆ ತೀರಿಸಿಕೊಳ್ಳುತ್ತಾರೆ. ಜಿಲ್ಲೆ ಬದಲಿಸಿ ಕಳಿಸಿದರೆ ಎರಡೂ ತಪ್ಪುತ್ತದೆ. ಖರ್ಚನ್ನು ನೋಂದಣಿ ಶುಲ್ಕದಲ್ಲೇ ಸೇರಿಸಬಹುದು. ಎಲ್ಲರಿಗೂ ಒಟ್ಟಿಗೆ ಶುರು ಮಾಡುವುದು ಕಷ್ಟ ಅನ್ನಿಸಿದರೆ, ಅರಿವಳಿಕೆ, ಸರ್ಜರಿ, ಹೆರಿಗೆ, ಕಣ್ಣಿನ ಆಪರೇಷನ್, ಈ ನಾಲ್ಕು ವಿಭಾಗಗಳಲ್ಲಿ 70 ದಾಟಿ ಇನ್ನೂ ಥಿಯೇಟರಿಗೆ ಹೋಗುತ್ತಿರುವವರಿಂದ ಮೊದಲ ಸುತ್ತು ಆರಂಭಿಸಬಹುದು.